ಮಿಸ್ ಹುಲಿಯೂರುದುರ್ಗ ಪರೀಕ್ಷೆ ಬರೆದದ್ದು

ಪರೀಕ್ಷೆಗೆ ಹೊರಟವರಿಗೆ ‘ಸಮಾಧಾನವಾಗಿರು’ ಎಂದು ಬುದ್ಧಿ ಹೇಳುವವರನ್ನು ಗಮನಿಸಿದ್ದೇನೆ. ಅವರಲ್ಲಿ ಯಾರೂ ಮೂರು ಗಂಟೆಗಿಂತ ಜಾಸ್ತಿ ಹೊತ್ತಿನ ಪರೀಕ್ಷೆ ಬರೆದವರಲ್ಲ. ಮೂರು ಗಂಟೆ ಯಾರು ಬೇಕಾದರೂ ಸಮಾಧಾನವಾಗಿರಬಹುದು. ನಾನು ಬರೆಯಬೇಕಿದ್ದದ್ದು ಯುಎಸ್‌ಎಂಎಲ್‌ಇ ಸ್ಟೆಪ್ 1. ಅಮೆರಿಕದಲ್ಲಿ ಡಾಕ್ಟರಿಕೆ ಮಾಡಲು ಲೈಸೆನ್ಸ್ ಬೇಕೆಂದರೆ ದಾಟಬೇಕಾದ ಮೂರು ಹಂತಗಳಲ್ಲಿ ಮೊದಲನೆಯದು. ನಾನು ಬರೆದಾಗ ಗಂಟೆಗೊಂದರಂತೆ ಏಳು ಬ್ಲಾಕ್ ಇದ್ದವು, ಒಂದೊಂದು ಬ್ಲಾಕಿನಲ್ಲಿ 40ರ ತನಕ ಪ್ರಶ್ನೆ. ಪರೀಕ್ಷೆ ಬರೆಯುವುದು ಹೇಗೆಂದು ಕಂಪ್ಯೂಟರ್ ಮೊದಲು ತೋರಿಸುವ ಪೀಠಿಕೆ, ಬ್ರೇಕು ಎಲ್ಲ ಸೇರಿ ಎಂಟು ಗಂಟೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋದಷ್ಟು ಹೊತ್ತು. ಬಸ್ಸಿನಲ್ಲಾದರೆ ನಿದ್ದೆ ಮಾಡಬಹುದು.

ಶಾಂತವಾಗಿರುವುದು ಹೇಗೆ ಎಂದು ಮನೆಯಲ್ಲಿ ಎಲ್ಲರೂ ಹೇಳಿಕೊಟ್ಟರು. ದೊಡ್ಡಮ್ಮ ಅನುಲೋಮ ವಿಲೋಮ ಮಾಡಿಸಿದರು. ಕ್ಲಾಸ್‌ಮೇಟ್ ಒಬ್ಬ ಫೋನ್ ಮಾಡಿ, ನಾಲ್ಕು ಎಣಿಸುತ್ತಾ ಉಸಿರೆಳಿ, ನಾಲ್ಕು ಎಣಿಸುತ್ತಾ ಹಿಡಿ, ನಾಲ್ಕು ಎಣಿಸುತ್ತಾ ಬಿಡು, ಮತ್ತೆ ನಾಲ್ಕು ಎಣಿಸುತ್ತಾ ಸುಮ್ನಿರು ಅಂದ. ಅಪ್ಪ, ‘ಹೋದ್ರೆ ಹೋಯ್ತು ಬಿಡು, ಪರೀಕ್ಷೆ ತಾನೆ’ ಅಂದರು. ಫೀಸು ಸಾವಿರ ಡಾಲರ್ ದಾಟಿತ್ತು. ಅದನ್ನು ಅವರ ಬಾಯಿ ಮರೆತಿತ್ತು, ಮುಖ ಮರೆತಿರಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ನಿಯಮಗಳನ್ನು ಇನ್ನೊಮ್ಮೆ ಓದುತ್ತಿದ್ದೆ. ಮದುವೆಯ ಉಂಗುರ, ನಿಶ್ಚಿತಾರ್ಥದ ಉಂಗುರ ಬಿಟ್ಟರೆ ಬೇರೆ ಯಾವ ಒಡವೆಯೂ ಒಳಗೆ ಬರುವಂತಿಲ್ಲ. ಓಲೆ ಬಿಚ್ಚಿದೆ. ಸರ ತೆಗೆದೆ. ಮೂಗುಬೊಟ್ಟಿಗೆ ಕೈಹಾಕಿದರೆ ಅದು ಅಲ್ಲಾಡಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಅಜ್ಜಿ ಮುಂದೆ ನಿಂತು ಚುಚ್ಚಿಸಿದ್ದು. ಆಮೇಲೆ ಅದಕ್ಕೊಂದು ತಿರುಪು ಇದೆ ಅನ್ನುವುದೇ ಮನೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ಅಮ್ಮ ಕೊಬ್ಬರಿ ಎಣ್ಣೆ ಬಿಟ್ಟಳು. ದೊಡ್ಡಮ್ಮ ಸೀರೆಯ ಸೆರಗಿನಲ್ಲಿ ಹಿಡಿದು ತಿರುಗಿಸಿದರು. ಮೂಗು ತಿರುಗಿತು, ತಿರುಪು ತಿರುಗಲಿಲ್ಲ.

ವಾನ್ ಗಿಯರ್ಕೆ, ಪೋಂಪೆ, ಕೋರಿ, ಮ್ಯಾಕಾರ್ಡಲ್ ಎಂದು ಗ್ಲೈಕೋಜನ್ ಕಾಯಿಲೆಗಳನ್ನು ಜಪಿಸಬೇಕಾದ ಹೊತ್ತಿನಲ್ಲಿ ನಾನು, ಅಮ್ಮ ಆಟೋ ಹತ್ತಿ ಚಿನ್ನದ ಕೆಲಸದ ಆಚಾರ್ರ ಅಂಗಡಿಗೆ ಹೋದೆವು. ಅವರು ಕನ್ನಡಕದ ಮೇಲಿಂದ ನನ್ನ ಕೆಂಪು ಮೂಗನ್ನು ನೋಡಿದರು.

‘ಏನಮ್ಮ, ಹೊಸದು ಹಾಕ್ಸೋದಾ? ಮದುವೆ ಗೊತ್ತಾಯ್ತಾ?’

‘ಇಲ್ಲ ಆಚಾರ್ರೇ, ಪರೀಕ್ಷೆ.’

‘ಪರೀಕ್ಷೆಗೂ ಮೂಗಿಗೂ ಏನಮ್ಮ ಸಂಬಂಧ?’

‘ಇದರೊಳಗೆ ಕ್ಯಾಮೆರಾ ಇಟ್ಕೊಂಡು ಹೋಗ್ತಾರಂತೆ ಜನ’ ಅಂದಳು ಅಮ್ಮ, ಅಂಥವರ ಪರಿಚಯ ಇರುವ ಹಾಗೆ.

ಆಚಾರ್ರು ದೀಪ ಹತ್ತಿರ ಎಳೆದುಕೊಂಡರು. ತಲೆ ಹಿಂದಕ್ಕೆ ಒರಗಿಸಲು ಹೇಳಿ, ಮೂಗಿನ ಒಳಗೆ ಎಡಗೈ ಕಿರುಬೆರಳಿನ ತುದಿ ಒತ್ತಿಹಿಡಿದು, ಬಲಗೈಯ ಸಣ್ಣ ಇಕ್ಕಳದಲ್ಲಿ ತಿರುಪನ್ನು ಕಚ್ಚಿಸಿ, ಕಾಲು ಸುತ್ತು ತಿರುಗಿಸಿದರು. ನಿಲ್ಲಿಸಿದರು. ಇನ್ನೊಂದು ಹನಿ ಎಣ್ಣೆ. ಮತ್ತೆ ಕಾಲು ಸುತ್ತು. ಕಣ್ಣಲ್ಲಿ ನೀರು ಬಂತು. ಸೀನು ಬಂದರೆ ಏನು ಗತಿ ಅನ್ನುವುದು ಬಿಟ್ಟರೆ ಲೋಕದಲ್ಲಿ ಬೇರೆ ಚಿಂತೆ ಉಳಿಯಲಿಲ್ಲ. ಕೊನೆಗೆ ಕಡಲೆಕಾಳಿನ ಕಾಲುಭಾಗವೂ ಇಲ್ಲದ ಆ ತಿರುಪು ಅವರ ಅಂಗೈಗೆ ಬಿತ್ತು. ಕ್ಯಾಮೆರಾ ಇದೆಯಾ ಎಂದು ಒಮ್ಮೆ ಬೆಳಕಿಗೆ ಹಿಡಿದೂ ನೋಡಿದರು. ದುಡ್ಡು ಬೇಡ ಅಂದರು. ‘ಡಾಕ್ಟರಾದ ಮೇಲೆ ಬಂದು ನನ್ನ ಮಂಡಿ ನೋಡಮ್ಮ.’

‘ಡಾಕ್ಟರ್ ಆಗಿದೀನಿ ಆಚಾರ್ರೇ.’

‘ಮತ್ತೆ ಇನ್ನೂ ಯಾಕಮ್ಮ ಪರೀಕ್ಷೆ?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ವಾಪಸು ಬರುವಾಗ ಆಟೋದಲ್ಲಿ ಒಂದು ವಿಷಯ ಹೊಳೆಯಿತು. ವಾರಗಟ್ಟಲೆ ಹೊಟ್ಟೆಯಲ್ಲಿ ಕೂತಿದ್ದ ಭಯ ಆ ಅಂಗಡಿಯಲ್ಲಿ ಇರಲೇ ಇಲ್ಲ. ದೊಡ್ಡ ಭಯ ಓಡಿಸಲು ಸಣ್ಣ ಕಿರಿಕಿರಿಯಷ್ಟು ಚೆನ್ನಾಗಿ ಕೆಲಸ ಮಾಡುವ ಮದ್ದನ್ನು ನಾನು ಫಾರ್ಮಕಾಲಜಿಯಲ್ಲಿ ಓದಿಲ್ಲ. ಮಾರನೇ ದಿನ ಆ ಮದ್ದು ಗಂಟೆಗೊಂದು ಡೋಸ್ ಸಿಕ್ಕಿತು.

ಮೊದಲ ಡೋಸ್ ನನ್ನ ಹೆಸರು. ಪರವಾನಗಿ ಚೀಟಿಯಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ತಾಳೆಯಾಗಬೇಕು. ನಮ್ಮ ಕಡೆಯವರ ಕಷ್ಟ ನಿಮಗೆ ಗೊತ್ತಲ್ಲ, ನಮಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಇರುತ್ತೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಷಿಯಲ್ ಬಿಡಿಸಿ ಬರೆದಿದ್ದರಿಂದ, ತಾತನ ಊರು ನನ್ನ ಮನೆತನದ ಹೆಸರಾಗಿ ಕೂತಿದೆ. ಕೌಂಟರಿನ ಹುಡುಗಿ ಮಂಗಳೂರಿನ ಕಡೆಯವಳೋ ಮಣಿಪುರದ ಕಡೆಯವಳೋ ತಿಳಿಯಲಿಲ್ಲ, ತುಂಬಾ ಕಷ್ಟಪಟ್ಟು ಕೂಗಿದಳು: ‘ಮಿಸ್... ಹುಲಿ... ಯೂರು... ದುರ್ಗ?’ ಇಡೀ ಊರೇ ಎದ್ದು ನಿಂತ ಹಾಗೆ ನಾನು ಎದ್ದು ನಿಂತೆ. ಸಂಜೆಯ ತನಕ ಅದೇ ಹೆಸರು. ಸಹಿ ಮಾಡಿ ಮಿಸ್ ಹುಲಿಯೂರುದುರ್ಗ. ಕನ್ನಡಕ ತೆಗೀರಿ ಮಿಸ್ ಹುಲಿಯೂರುದುರ್ಗ. ಆ ಊರಿಗೆ ನಾನು ಹೋಗಿರುವುದೇ ಜಾತ್ರೆಗೆ, ಮುಂಜಿಗೆ.

ಆಮೇಲೆ ತಪಾಸಣೆ. ತೋಳು ಮಡಚಿ ತೋರಿಸಬೇಕು, ಕನ್ನಡಕವನ್ನು ಅವರ ಕೈಗೆ ಕೊಡಬೇಕು, ಮೆಟಲ್ ಡಿಟೆಕ್ಟರ್ ಮುಂದೆ ಕೈ ಅಗಲಿಸಿ ನಿಲ್ಲಬೇಕು, ಜೇಬುಗಳನ್ನು ಹೊರಕ್ಕೆ ತಿರುಗಿಸಬೇಕು. ನನ್ನ ಕುರ್ತಾಕ್ಕೆ ಜೇಬಿಲ್ಲ. ‘ಇಲ್ಲ’ ಅಂದರೆ ನಂಬಲು ಅವರಿಗೆ ಅಧಿಕಾರವಿಲ್ಲ. ಇಬ್ಬರೂ ಸೇರಿ ಇಲ್ಲದ ಜೇಬನ್ನು ಹುಡುಕಿದೆವು. ಹೆಂಗಸರ ಬಟ್ಟೆಗೆ ಜೇಬಿಡಲು ಒಪ್ಪದ ನಮ್ಮ ಟೈಲರ್ ಮೇಲೆ ವರ್ಷಗಳಿಂದ ಇದ್ದ ಸಿಟ್ಟು ಆವತ್ತು ಒಂದು ಚೂರು ಇಳಿಯಿತು. ಬಾತ್‌ರೂಮಿಗೆ ಹೋಗಿ ಬಂದರೂ ಇದೆಲ್ಲ ಮೊದಲಿನಿಂದ ಆಗಬೇಕು.

ಒಳಗೆ ನನ್ನ ಪಕ್ಕದಲ್ಲಿ ಇನ್ಯಾವುದೋ ಪರೀಕ್ಷೆ ಬರೆಯುವ ಹುಡುಗ. ಅಲ್ಲಿ ಒಂದೇ ಕೋಣೆಯಲ್ಲಿ ಬೇರೆಬೇರೆ ಪರೀಕ್ಷೆ ನಡೆಯುತ್ತವೆ. ನನ್ನದು ಉತ್ತರ ಆರಿಸಿ ಒತ್ತುವುದು, ಅವನದು ಪ್ರಬಂಧ. ಕೀಬೋರ್ಡಿನ ಮೇಲೆ ಅವನಿಗೆ ಏನೋ ಹಳೇ ದ್ವೇಷ. ಕಿವಿಗೆ ಸ್ಪಂಜಿನ ಪ್ಲಗ್ ಹಾಕಿಕೊಂಡೆ. ಅವನ ಸದ್ದು ನಿಂತು ನನ್ನ ಎದೆಬಡಿತ ಕೇಳಿಸತೊಡಗಿತು. ಎರಡರಲ್ಲಿ ಕೀಬೋರ್ಡೇ ವಾಸಿ ಎಂದು ಪ್ಲಗ್ ತೆಗೆದೆ.

ಒಂದು ಪ್ರಶ್ನೆಗೆ ಸರಾಸರಿ ಒಂದೂವರೆ ನಿಮಿಷ. ಪ್ರಶ್ನೆ ಎಂದರೆ ಒಂದು ಸಾಲಲ್ಲ, ರೋಗಿಯ ವಯಸ್ಸು, ಜ್ವರ, ಬಿಪಿ, ಬಿಟ್ಟ ಸಿಗರೇಟು, ಸಾಕಿದ ಬೆಕ್ಕು ಎಲ್ಲ ಇರುವ ಅರ್ಧ ಪುಟ. ಬಹಳ ಜನ ಕೊನೆಯ ಸಾಲನ್ನು ಮೊದಲು ಓದುತ್ತಾರೆ, ಕೇಳಿರುವುದು ಏನು ಅಂತ ಗೊತ್ತಾದರೆ ಬೆಕ್ಕು ಬೇಕೋ ಬೇಡವೋ ತಿಳಿಯುತ್ತೆ. ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು. ಗೊತ್ತಿಲ್ಲದ್ದಕ್ಕೆ ಏನೋ ಒಂದು ಒತ್ತಿ, ಗುರುತು ಹಾಕಿ, ಮುಂದಕ್ಕೆ ಹೋಗಬೇಕು. ಇದು ನನಗೆ ಸಿಕ್ಕ ಬುದ್ಧಿಮಾತುಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು.

ಯಾವ ಪ್ರಶ್ನೆ ಬಂದಿತ್ತೆಂದು ಹೊರಗೆ ಹೇಳುವಂತಿಲ್ಲ, ಅದಕ್ಕೆ ಒಪ್ಪಿಗೆ ಕೊಟ್ಟ ಮೇಲೇ ಪರೀಕ್ಷೆ ತೆರೆಯುವುದು. ನನಗೆ ಏನಾಯಿತೆಂದು ಹೇಳಬಹುದು. ಎರಡನೇ ಬ್ಲಾಕಿನ ನಡುವೆ ಅದು ತಾನಾಗಿಯೇ ಪ್ರಶ್ನೆಯ ಧಾಟಿಯಲ್ಲಿ ತಲೆಯಲ್ಲಿ ಓಡತೊಡಗಿತು. ಯುವತಿಯೊಬ್ಬಳಿಗೆ ಬೆಳಗಿನಿಂದ ಎದೆ ಡವಡವ, ಅಂಗೈ ಬೆವರು, ಕೈನಡುಕ. ಮುಂದಿನ ಹೆಜ್ಜೆ ಯಾವುದು? ಎ) ಥೈರಾಯ್ಡ್ ಪರೀಕ್ಷೆ. ಬಿ) 24 ಗಂಟೆಯ ಮೂತ್ರದಲ್ಲಿ ಮೆಟಾನೆಫ್ರಿನ್. ಸಿ) ಇಸಿಜಿ. ಡಿ) ರೋಗಿಯನ್ನು ಬಾತ್‌ರೂಮಿಗೆ ಕಳಿಸುವುದು. ಸರಿಯುತ್ತರ ಡಿ. ಆದರೆ ಬ್ಲಾಕ್ ಮುಗಿಯುವ ತನಕ ಗಡಿಯಾರ ನಿಲ್ಲುವುದಿಲ್ಲ. ಆ ಬ್ಲಾಕಿನ ಕೊನೆಯ ಹತ್ತು ಪ್ರಶ್ನೆಗಳಿಗೆ ನಾನು ತೋರಿದ ಏಕಾಗ್ರತೆಯನ್ನು ಯಾವ ಪ್ರಾಣಾಯಾಮವೂ ಕೊಡಲಾರದು.

ಅಲ್ಲಿ ಬ್ರೇಕಿನ ಲೆಕ್ಕವೇ ಒಂದು ಬೇರೆ ಪೇಪರ್. ನಾನು ಬರೆದಾಗ ದಿನಕ್ಕೆಲ್ಲ ಸೇರಿ 45 ನಿಮಿಷ ಇತ್ತು. ಶುರುವಿನ 15 ನಿಮಿಷದ ಪೀಠಿಕೆಯನ್ನು ಹಾರಿಸಿದರೆ ಆ ಹೊತ್ತೂ ಬ್ರೇಕಿಗೆ ಜಮಾ. ಒಂದು ಬ್ಲಾಕನ್ನು ಬೇಗ ಮುಗಿಸಿದರೆ ಉಳಿದ ನಿಮಿಷವೂ ಜಮಾ. ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದ ಅಪ್ಪ ಇದನ್ನು ಕೇಳಿ ಮೊದಲ ಸಲ ಪರೀಕ್ಷೆಯಲ್ಲಿ ಆಸಕ್ತಿ ತೋರಿಸಿದ್ದರು. ಹಾಳೆಗೆ ಗೆರೆ ಎಳೆದು ಖರ್ಚು, ಜಮಾ, ಬಾಕಿ ಎಂದು ಬರೆದುಕೊಟ್ಟಿದ್ದರು. ‘ಮಧ್ಯಾಹ್ನದ ಊಟಕ್ಕೆ ಮುಂಚೆ ಅಸಲು ಮುಟ್ಟಬೇಡ’ ಅಂತ ಕೆಳಗೊಂದು ಷರಾ.

ಅಮ್ಮನಿಗೆ ಹಗುರವಾದ್ದು ಏನಾದರೂ ಕಟ್ಟು ಅಂದಿದ್ದೆ. ಚಿತ್ರಾನ್ನ ಕಟ್ಟಿದ್ದಳು. ಲಾಕರ್ ಬಾಗಿಲು ತೆಗೆದ ಕೂಡಲೇ ಒಗ್ಗರಣೆಯ ಘಮ ಆ ಹವಾನಿಯಂತ್ರಿತ ಮೌನದಲ್ಲಿ ಕೌಂಟರಿನ ತನಕ ಹೋಯಿತು. ಕೌಂಟರಿನ ಹುಡುಗಿ ತಲೆ ಎತ್ತಿದಳು. ಪಕ್ಕದ ಕುರ್ಚಿಯಲ್ಲಿ ಪ್ರೋಟೀನ್ ಬಾರ್ ಕಡಿಯುತ್ತಿದ್ದ ಇನ್ನೊಬ್ಬ ಡಾಕ್ಟರ್ ಕಡಿಯುವುದನ್ನು ನಿಲ್ಲಿಸಿದ. ಅವನಿಗೆ ಎರಡು ತುತ್ತು ಕೊಟ್ಟೆ. ಕೊಡದೆ ತಿನ್ನಲು ಆಗುತ್ತಾ? ‘ಕರಿಬೇವು ಬಿಡಬೇಡಿ, ಕಬ್ಬಿಣ ಇರುತ್ತೆ’ ಅಂದ. ಆಮೇಲೆ ಇಬ್ಬರೂ, ಅದು ಮಾಂಸದಲ್ಲಿ ಸಿಗುವ ಹೀಮ್ ಕಬ್ಬಿಣವಲ್ಲ, ಮೇಲಿನ ನಿಂಬೆಹಣ್ಣು ಹೀರಿಕೆಗೆ ಒಳ್ಳೆಯದು, ಊಟದ ಜೊತೆ ಕಾಫಿ ಕುಡಿದರೆ ಎಲ್ಲ ಹಾಳು ಎಂದು ಚರ್ಚೆ ಮಾಡಿದೆವು. ಅಪ್ಪನ ಲೆಕ್ಕದಲ್ಲಿ ಇಷ್ಟಕ್ಕೆ ಅನುದಾನ ಇರಲಿಲ್ಲ.

ಕೈ ತೊಳೆದರೂ ಬೆರಳ ತುದಿ ಹಳದಿಯಾಗೇ ಉಳಿದಿತ್ತು. ತಪಾಸಣೆಗೆ ಬಂದ ಅದೇ ಕೌಂಟರಿನ ಹುಡುಗಿ ಅದನ್ನು ಎರಡು ಸಲ ತಿರುಗಿಸಿ ನೋಡಿದಳು. ‘ಅರಿಶಿನ’ ಅಂದೆ. ‘ಗೊತ್ತು’ ಅಂದಳು. ಕನ್ನಡದಲ್ಲೇ. ಮಂಗಳೂರಿನ ಕಡೆಯವಳು ಅನ್ನುವುದು ಆಗ ಖಾತ್ರಿಯಾಯಿತು. ಹುಲಿಯೂರುದುರ್ಗಕ್ಕೆ ಮಾತ್ರ ಯಾಕೆ ಅಷ್ಟು ಕಷ್ಟಪಟ್ಟಳೋ.

1908ರಲ್ಲಿ ಯರ್ಕ್ಸ್, ಡಾಡ್ಸನ್ ಎಂಬಿಬ್ಬರು ಇಲಿಗಳಿಗೆ ಸಣ್ಣಸಣ್ಣ ಶಾಕ್ ಕೊಟ್ಟು ಕಲಿಸಿ ನೋಡಿದ್ದರು. ಕೆಲಸ ಕಷ್ಟದ್ದಾದಾಗ, ಶಾಕ್ ತೀರಾ ಕಮ್ಮಿಯಾದರೂ ಇಲಿ ಕಲಿಯಲು ತಡಮಾಡುತ್ತೆ, ತೀರಾ ಜಾಸ್ತಿಯಾದರೂ ತಡಮಾಡುತ್ತೆ. ನಡುವಿನದೇ ಲೇಸು. ಸೈಕಿಯಾಟ್ರಿ ಓದುವಾಗ ಇದನ್ನು ಮಾರ್ಕ್ಸಿಗಾಗಿ ಓದಿದ್ದೆ. ಆರನೇ ಬ್ಲಾಕಿನಲ್ಲಿ ನನ್ನ ಶಾಕ್ ಪೂರ್ತಿ ಇಳಿದು, ಚಿತ್ರಾನ್ನ ಕೆಲಸ ಶುರುಮಾಡಿತ್ತು. ಭಯ ಎಲ್ಲಿ ಹೋಯಿತೆಂದು ನಾನೇ ಹುಡುಕತೊಡಗಿದೆ. ಪಕ್ಕದ ಹುಡುಗ ಪ್ರಬಂಧ ಮುಗಿಸಿ ಎದ್ದು ಹೋಗಿದ್ದ. ಕೋಣೆ ತಣ್ಣಗಿತ್ತು. ರೆಪ್ಪೆ ಭಾರವಾಯಿತು. ಎಲ್ಲರೂ ಕೊಂಡಾಡುವ ಆ ಶಾಂತಿ ಕೊನೆಗೂ ಬಂದಿತ್ತು, ಬಂದು ನನ್ನ ಎರಡು ನಿಮಿಷ ತಿಂದಿತ್ತು. ತೊಡೆ ಚಿವುಟಿಕೊಂಡು ಎದ್ದು ಕೂತೆ.

ಫಲಿತಾಂಶ ಒಂದು ಬುಧವಾರ ಬಂತು. ಅಪ್ಪ ಕನ್ನಡಕ ಹಾಕಿಕೊಂಡು ಫೋನಿನ ಸ್ಕ್ರೀನನ್ನು ಮೇಲೆ ಕೆಳಗೆ ಉಜ್ಜಿದರು.

‘ಮಾರ್ಕ್ಸ್ ಎಲ್ಲಿ?’

‘ಮಾರ್ಕ್ಸ್ ಕೊಡಲ್ಲಪ್ಪ. 2022ರಿಂದ ಬರೀ ಪಾಸ್ ಅಥವಾ ಫೇಲ್.’

‘ಅಷ್ಟು ದುಡ್ಡು ಇಸ್ಕೊಂಡು ಮಾರ್ಕ್ಸೂ ಕೊಡಲ್ವಾ?’

ಸ್ವಲ್ಪ ಹೊತ್ತು ಅವರು ಆ ದೇಶದ ಲೆಕ್ಕಪತ್ರದ ಬಗ್ಗೆ ಬೇಜಾರು ಮಾಡಿಕೊಂಡು ಕೂತಿದ್ದರು. ಆಮೇಲೆ ವರಾಂಡಕ್ಕೆ ಹೋಗಿ ಚಿಕ್ಕಪ್ಪನಿಗೆ ಫೋನ್ ಮಾಡಿದರು. ‘ಹೂಂ ಕಣೋ, ಪಾಸು... ಎಷ್ಟು ಅಂದ್ರೆ... ತೊಂಬತ್ತರ ಮೇಲೇ ಇರುತ್ತೆ ಅಂತ ಇಟ್ಕೋ.’