ಮೂರು ತಿಂಗಳ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ

‘ದವಡೆಗೆ ಮೂಳೆ ಕಸಿ ಮಾಡಿಸಿದರೆ ಮೂರು ತಿಂಗಳಲ್ಲಿ ಇಂಪ್ಲಾಂಟ್ ಹಲ್ಲು ಸಿದ್ಧ’ ಎಂಬ ಲೇಖನದ ಮಾತನ್ನು ನಾನು ಒಪ್ಪುವುದಿಲ್ಲ. ಇಂಪ್ಲಾಂಟ್ ಎಂದರೆ ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ, ಅದರ ಮೇಲೆ ಕ್ಯಾಪ್ ಹಾಕಿ ಕಟ್ಟುವ ಕೃತಕ ಹಲ್ಲು. ಮಂಡ್ಯದಲ್ಲಿರುವ ನನ್ನ ತಾಯಿಗೆ ಕಸಿ ಮಾಡಿದ ಮೂಳೆ ಕೂಡಿಕೊಳ್ಳುವುದಕ್ಕೇ 6 ತಿಂಗಳು ಹಿಡಿಯಿತು. ಸ್ಕ್ರೂ ಕೂರಿಸಿದ ಮೇಲೆ ಕ್ಯಾಪ್ ಹಾಕಿಸಲು ಮತ್ತೆ 4 ತಿಂಗಳು ಕಾದೆವು. ಅವರಿಗೆ ಸಕ್ಕರೆ ಕಾಯಿಲೆ ಇದೆ. ಅದು ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದೇ ನಿಧಾನ. ಲೇಖನದಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ.

ತಪ್ಪು ಆಗಿದ್ದು ಇದಕ್ಕೂ ಬಹಳ ಮೊದಲೇ. ಕೆಳದವಡೆಯ ಹಲ್ಲು ಕೀಳಿಸಿ 5 ವರ್ಷ ಸುಮ್ಮನಿದ್ದೆವು. ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವ ಅಮ್ಮನಿಗೆ ಹಲ್ಲಿಲ್ಲದ್ದು ಕೊರತೆಯೆನಿಸಲೇ ಇಲ್ಲ. ಹಲ್ಲು ಹೋದ ಜಾಗದ ಮೂಳೆ ಮೊದಲ ವರ್ಷದಲ್ಲೇ ಹೆಚ್ಚು ಸವೆಯುತ್ತದೆ ಎಂದು ಕಿತ್ತ ದಿನ ಯಾರೂ ಹೇಳಲಿಲ್ಲ. ಸ್ಕ್ಯಾನ್‌ನಲ್ಲಿ ಆ ಮೂಳೆಯ ಅಂಚು ಚಾಕುವಿನ ಬಾಯಿಯಂತೆ ತೆಳ್ಳಗೆ ಕಂಡಾಗ ನನಗೆ ಹೊಟ್ಟೆ ಕಿವುಚಿದಂತಾಯಿತು. ಸ್ಕ್ರೂ ಹಿಡಿಯಲು ಮೂಳೆ ಸಾಲದೆ ಕಸಿ ಮಾಡಿಸಬೇಕಾಗಿ ಬಂದದ್ದು ಇದರಿಂದಲೇ.

ಇನ್ನೊಂದು ವಿಷಯ. ಕಸಿಗೆ ತುಂಬುವ ಪುಡಿ ಎಷ್ಟೋ ಬಾರಿ ದನದ ಮೂಳೆಯಿಂದ ಮಾಡಿದ್ದಾಗಿರುತ್ತದೆ. ಕೃತಕವಾಗಿ ತಯಾರಿಸಿದ್ದೂ ಸಿಗುತ್ತದೆ. ಅಮ್ಮ ತಾವಾಗಿ ಕೇಳಿದ್ದರಿಂದ ನಮಗೆ ಗೊತ್ತಾಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ವೈದ್ಯರೇ ಇದನ್ನು ಹೇಳಬೇಕು.