ಓಡಿದರೆ 500 ಯೆನ್ ದಂಡ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವರನ್ನು ನಮ್ಮ ಗಾದೆ ಗೇಲಿ ಮಾಡುತ್ತದೆ. ಜಪಾನಿನ ಅಂದಿನ ಸರ್ಕಾರಕ್ಕೆ ಆ ಗೇಲಿ ತಾಗುವುದಿಲ್ಲ. ಟೋಕಿಯೊ ನಗರ ಅಮೆರಿಕದ ಬಾಂಬುಗಳಿಗೆ ಬೂದಿಯಾದದ್ದು 1945ರ ಮಾರ್ಚ್‌ನಲ್ಲಿ. ಆ ಬೆಂಕಿಯನ್ನು ಆರಿಸುವ ಕವಾಯತು 1933ರ ಆಗಸ್ಟ್‌ನಲ್ಲೇ ಯಶಸ್ವಿಯಾಗಿ ಮುಗಿದಿತ್ತು. ಪ್ರಜೆಗಳಿಗೆ ಬೆಂಕಿಯ ಪಾಠ ಹೇಳಲು ಇಷ್ಟೊಂದು ಶ್ರಮಪಟ್ಟ ಆಡಳಿತ ಸಿಗುವುದು ಅಪರೂಪ. ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುವುದು ಹೇಗೆ, ಮರಳು ಎರಚುವುದು ಹೇಗೆ, ಒದ್ದೆ ಚಾಪೆ ಹೊದಿಸುವುದು ಹೇಗೆ, ಎಲ್ಲವನ್ನೂ ಕಲಿಸಿತು. ಒಂದನ್ನು ಮಾತ್ರ ಕಲಿಸಲಿಲ್ಲ. ಮರೆತು ಬಿಟ್ಟದ್ದಲ್ಲ, ಪಾರ್ಲಿಮೆಂಟಿನಲ್ಲಿ ಚರ್ಚಿಸಿ, ಕಾನೂನು ಮಾಡಿ ಬಿಟ್ಟದ್ದು.

1933ರ ಆಗಸ್ಟ್ 9ರಿಂದ ಮೂರು ದಿನ ನಡೆದ ಆ ಕವಾಯತಿನ ಹೆಸರು ಕಾಂತೊ ವಾಯುರಕ್ಷಣಾ ಮಹಾಕವಾಯತು; ಕಾಂತೊ ಎಂದರೆ ಟೋಕಿಯೊ ಸುತ್ತಲಿನ ಸೀಮೆ. ಶತ್ರು ವಿಮಾನಗಳು ಕಾಲ್ಪನಿಕ, ಬಾಂಬುಗಳು ಕಾಲ್ಪನಿಕ, ಗೆಲುವೂ ಅದೇ ಜಾತಿಯದು. ದೀಪ ಆರಿಸಿದ ಜನ ಮಾತ್ರ ನಿಜವಾದವರು. ಅವರಿಗೆ ಬೆಂಕಿಯ ಪರಿಚಯ ಇರಲಿಲ್ಲವೆಂದಲ್ಲ. ಹತ್ತೇ ವರ್ಷದ ಹಿಂದೆ, 1923ರ ಸೆಪ್ಟೆಂಬರ್ 1ರ ಮಧ್ಯಾಹ್ನ, ಅಡುಗೆ ಒಲೆಗಳು ಉರಿಯುತ್ತಿದ್ದ ಹೊತ್ತಿಗೆ ಭೂಕಂಪವಾಗಿ ನಗರಕ್ಕೆ ನಗರವೇ ಹತ್ತಿಕೊಂಡಿತ್ತು. ಸತ್ತವರು 1 ಲಕ್ಷಕ್ಕೂ ಹೆಚ್ಚು. ಬಹುಪಾಲು ಜನರನ್ನು ಕೊಂದದ್ದು ಭೂಮಿಯಲ್ಲ, ಬೆಂಕಿ. ಹೊಂಜೊ ಎಂಬಲ್ಲಿನ ಒಂದು ಬಯಲಿನಲ್ಲಿ ಆಶ್ರಯ ಪಡೆದವರ ಗಂಟುಮೂಟೆಗಳಿಗೇ ಕಿಡಿ ತಾಗಿ ಸುಮಾರು 38,000 ಮಂದಿ ಸುಟ್ಟುಹೋಗಿದ್ದರು. ಮರ ಮತ್ತು ಕಾಗದದಿಂದ ಕಟ್ಟಿದ ಊರು ಹೇಗೆ ಉರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿರಲಿಲ್ಲ.

ನಾಗಾನೊದಿಂದ ಹೊರಡುತ್ತಿದ್ದ ಶಿನಾನೊ ಮೈನಿಚಿ ಪತ್ರಿಕೆಯ ಪ್ರಧಾನ ಲೇಖಕ ಕಿರ್ಯೂ ಯೂಯೂ ಆ ಪಾಠವನ್ನು ಮರೆತಿರಲಿಲ್ಲ. ಕವಾಯತಿನ ಕೊನೆಯ ದಿನ, ಆಗಸ್ಟ್ 11ರಂದು, ಆತ ಬರೆದ ಸಂಪಾದಕೀಯದ ಶೀರ್ಷಿಕೆಯೇ ಕವಾಯತನ್ನು ನೋಡಿ ನಗುತ್ತೇನೆ ಎನ್ನುವಂತಿತ್ತು. ವಾದ ಸರಳ. ಶತ್ರು ವಿಮಾನ ಟೋಕಿಯೊದ ಮೇಲಕ್ಕೆ ಬಂದಿದೆ ಎಂದರೆ ನಾವು ಆಗಲೇ ಸೋತಿದ್ದೇವೆ. ಎಲ್ಲ ವಿಮಾನಗಳನ್ನೂ ಹೊಡೆದುರುಳಿಸಲಾಗದು. ತಪ್ಪಿಸಿಕೊಂಡ ಒಂದೆರಡು ಸಾಕು, ಮರದ ಮನೆಗಳ ಈ ನಗರ ಸುಟ್ಟ ಬಯಲಾಗುತ್ತದೆ, ಭೂಕಂಪದ ದಿನದ ದೃಶ್ಯ ಮರುಕಳಿಸುತ್ತದೆ. ಇದು ಬೊಂಬೆಯಾಟ.

ಸ್ಥಳೀಯ ಮಾಜಿ ಸೈನಿಕರ ಸಂಘಕ್ಕೆ ಸಿಟ್ಟು ಬಂತು. ಸಂಪಾದಕೀಯದಲ್ಲಿ ತಪ್ಪೇನಿದೆ ಎಂದು ಯಾರೂ ತೋರಿಸಲಿಲ್ಲ. ಪತ್ರಿಕೆಯನ್ನು ಕೊಳ್ಳುವುದಿಲ್ಲ, ಕೊಳ್ಳಲು ಬಿಡುವುದೂ ಇಲ್ಲ ಎಂದರು. ಕಿರ್ಯೂ ಕೆಲಸ ಬಿಡಬೇಕಾಯಿತು. ಮಹಾಕವಾಯತಿನಲ್ಲಿ ನಿಜವಾಗಿ ಆರಿಸಲಾದ ಬೆಂಕಿ ಅದೊಂದೇ ಎಂದು ಕಾಣುತ್ತದೆ. ಆತ ನಗೊಯಾ ಬಳಿಗೆ ಹೋಗಿ ಸಣ್ಣದೊಂದು ನಿಯತಕಾಲಿಕ ಹೊರಡಿಸಿದ. ಅದರ ಸಂಚಿಕೆಗಳು ಮತ್ತೆ ಮತ್ತೆ ನಿಷೇಧಕ್ಕೆ ಒಳಗಾದವು. 1941ರ ಸೆಪ್ಟೆಂಬರ್ 10ರಂದು ತೀರಿಕೊಂಡ. ನಗುವವನು ಹೋದ ಎರಡೇ ತಿಂಗಳಿಗೆ, ನವೆಂಬರ್‌ನಲ್ಲಿ, ವಾಯುರಕ್ಷಣಾ ಕಾಯಿದೆಗೆ ತಿದ್ದುಪಡಿ ಬಂತು.

1937ರ ಮೂಲ ಕಾಯಿದೆ ದೀಪ ಆರಿಸಿ, ಕವಾಯತು ಮಾಡಿ ಎನ್ನುವ ಮಟ್ಟದಲ್ಲಿತ್ತು. ತಿದ್ದುಪಡಿ ಎರಡು ಹೊಸ ವಿಚಾರಗಳನ್ನು ತಂದಿತು. ನಗರ ಬಿಟ್ಟು ಹೋಗದಂತೆ ಜನರನ್ನು ಸರ್ಕಾರ ತಡೆಯಬಹುದು. ಬಾಂಬು ಬಿದ್ದು ಬೆಂಕಿ ಎದ್ದರೆ ಅಲ್ಲಿರುವವರು ಅದನ್ನು ಆರಿಸಲೇಬೇಕು. ತಡೆಯನ್ನು ಮೀರಿ ಹೋದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 500 ಯೆನ್‌ವರೆಗೆ ದಂಡ. ವಸೂಲಿಯ ದೃಷ್ಟಿಯಿಂದ ನೋಡಿದರೆ ಇದು ಬಹಳ ಯೋಚಿಸಿ ಬರೆದ ಕಾನೂನು. ಓಡಿದವನು ಬದುಕಿರುತ್ತಾನೆ, ಆದ್ದರಿಂದ ದಂಡ ಕಟ್ಟಬಲ್ಲ. ಓಡದವನ ವಿಷಯದಲ್ಲಿ ಇಲಾಖೆಗೆ ಯಾವ ಕೆಲಸವೂ ಉಳಿಯುವುದಿಲ್ಲ.

ತಿದ್ದುಪಡಿಯ ಚರ್ಚೆಯಲ್ಲಿ ಸೇನೆಯ ಅಧಿಕಾರಿ ಸಾತೊ ಕೆನ್ರ್ಯೊ ಸದಸ್ಯರಿಗೆ ಧೈರ್ಯ ತುಂಬಿದರು. ವಾಯುದಾಳಿಯಿಂದ ಆಗುವ ಹಾನಿ ಅಂಥ ದೊಡ್ಡದೇನಲ್ಲ, ಜನ ಗಾಬರಿಬಿದ್ದು ಚೆಲ್ಲಾಪಿಲ್ಲಿಯಾಗುವುದೇ ಎಲ್ಲಕ್ಕಿಂತ ಭಯಂಕರ ಎಂಬುದು ಅವರ ಮಾತಿನ ಸಾರ. ಇದೇ ಊರಿನ ಹಳೆಯ ದೊರೆಗಳಿಗೆ ಇಷ್ಟು ಧೈರ್ಯ ಇರಲಿಲ್ಲ. 1657ರಲ್ಲಿ, ಟೋಕಿಯೊಗೆ ಎದೊ ಎಂಬ ಹೆಸರಿದ್ದಾಗ, ಊರಿನ ಬಹುಭಾಗ ಸುಟ್ಟು ಅಪಾರ ಜನ ಸತ್ತರು. ಸುಮಿದಾ ನದಿ ದಾಟಲು ಸೇತುವೆಯಿಲ್ಲದೆ ದಡದಲ್ಲೇ ಸಿಕ್ಕಿಬಿದ್ದವರು ಅವರಲ್ಲಿ ಅನೇಕರು. ಕೆಲವೇ ವರ್ಷಗಳಲ್ಲಿ ಶೋಗುನನ ಆಡಳಿತ ಅಲ್ಲಿ ರ್ಯೋಗೊಕು ಸೇತುವೆ ಕಟ್ಟಿಸಿತು, ಬೆಂಕಿ ದಾಟದಂತೆ ಅಗಲವಾದ ಬೀದಿಗಳನ್ನು ಬಿಡಿಸಿತು. ಜನ ಓಡುತ್ತಾರೆ, ಓಡಲು ದಾರಿ ಬೇಕು ಎಂದು ಕತ್ತಿ ಕಟ್ಟಿಕೊಂಡು ತಿರುಗುತ್ತಿದ್ದ ಆ ಸಮುರಾಯಿಗಳಿಗೂ ಹೊಳೆದಿತ್ತು.

ಹೊಸ ಪಾಠದ ಶಾಲೆ ಎಂದರೆ ನೆರೆಹೊರೆಯ ಗುಂಪು. ಸುಮಾರು ಹತ್ತು ಮನೆಗೆ ಒಂದು. 1940ರಲ್ಲಿ ಗೃಹ ಇಲಾಖೆ ದೇಶದ ತುಂಬ ಕಟ್ಟಿಸಿದ ಈ ಗುಂಪುಗಳ ಕೈಯಲ್ಲೇ ಪಡಿತರದ ಹಂಚಿಕೆಯೂ ಇತ್ತು. ಕವಾಯತಿಗೆ ಹಾಜರಾತಿ ಏಕೆ ತುಂಬಿರುತ್ತಿತ್ತು ಎಂದು ಬೇರೆ ವಿವರಿಸಬೇಕಿಲ್ಲ. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಹೆಂಗಸರು ಸಾಲಾಗಿ ನಿಂತು ಬಕೆಟ್ ದಾಟಿಸಿದರು. ಕಿಡಿಯನ್ನು ಬಡಿದು ಆರಿಸಲು ಉದ್ದ ಕೋಲಿನ ತುದಿಗೆ ಹಗ್ಗದ ಎಳೆಗಳನ್ನು ಕಟ್ಟಿದ ಸಾಧನವೂ ಇತ್ತು. ನಮ್ಮ ಅಟ್ಟದ ಜೇಡರಬಲೆ ತೆಗೆಯುವ ಪೊರಕೆಗಿಂತ ಹೆಚ್ಚಿನದೇನಲ್ಲ. ತಲೆಗೆ ಹತ್ತಿ ತುಂಬಿದ ದಪ್ಪ ಟೊಪ್ಪಿಗೆ. ಹತ್ತಿ! ಬೆಂಕಿಗೆ ಹತ್ತಿಯನ್ನು ಕೊಡಬಾರದೆಂದು ದೀಪಕ್ಕೆ ಬತ್ತಿ ಹೊಸೆಯುವ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಆದರೆ ಸಮಿತಿಗಳಲ್ಲಿ ಅಜ್ಜಿಯರಿಗೆ ಜಾಗ ಇರುವುದಿಲ್ಲ.

ಇನ್ನು ಆಶ್ರಯದ ಹೊಂಡ. ಬಾಂಬು ಬೀಳುವಾಗ ಅಡಗಲು ಹೊಂಡ ಬೇಕು ಎಂಬುದನ್ನು ಸರ್ಕಾರ ಒಪ್ಪಿತು. ಎಲ್ಲಿ ತೋಡಬೇಕು? ಮನೆಯ ನೆಲಹಾಸಿನ ಕೆಳಗೆ ತೋಡಿದರೆ ಒಳ್ಳೆಯದು ಎಂದಿತು ಸೂಚನೆ. ತಕ್ಷಣ ಹೊರಗೆ ಹಾರಿ ಬೆಂಕಿ ಆರಿಸಲು ಅನುಕೂಲವಂತೆ. ಮೇಲೆ ಮರದ ಮನೆ, ಮನೆಗೆ ಬೆಂಕಿ, ಅಡಿಯಲ್ಲಿ ಮನೆಯವರು. ಬೆಂಕಿಗೂ ಮನುಷ್ಯನಿಗೂ ನಡುವಿನ ದೂರವನ್ನು ಇದಕ್ಕಿಂತ ಕಡಿಮೆ ಮಾಡಲು ಯಾವ ಎಂಜಿನಿಯರನಿಗೂ ಸಾಧ್ಯವಿಲ್ಲ. 1943ರಲ್ಲಿ ಪರಿಷ್ಕರಿಸಿದ ಸರ್ಕಾರಿ ಕೈಪಿಡಿಯಲ್ಲಿ ಒಂದು ಪ್ರತಿಜ್ಞೆಯೂ ಸೇರಿತು: ನಾವು ನಾಡನ್ನು ಕಾಯುವ ಯೋಧರು, ಪ್ರಾಣವನ್ನೇ ಒಪ್ಪಿಸಿ ನಮ್ಮ ಜಾಗವನ್ನು ಕಾಯುತ್ತೇವೆ. ಈ ‘ಯೋಧರು’ ಎಂಬ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಅದೇ ವರ್ಷ ಅಮೆರಿಕದವರು ಯೂಟಾ ರಾಜ್ಯದ ಡಗ್‌ವೇ ಮರುಭೂಮಿಯಲ್ಲಿ ಜಪಾನಿ ಮನೆಗಳ ಸಾಲು ಕಟ್ಟಿ, ಒಳಗೆ ತತಾಮಿ ಚಾಪೆ ಹಾಸಿ, ಯಾವ ಬಾಂಬಿಗೆ ಎಷ್ಟು ಬೇಗ ಉರಿಯುತ್ತದೆ ಎಂದು ನೋಡುತ್ತಿದ್ದರು. ಮನೆಗಳ ವಿನ್ಯಾಸ, ಜಪಾನಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ವಾಸ್ತುಶಿಲ್ಪಿ ಆಂಟೊನಿನ್ ರೇಮಂಡ್ ಅವರದು. ಸುಟ್ಟ ಕೈ ಅಮೆರಿಕದ್ದು, ಅದರ ಪಾಪದ ಲೆಕ್ಕವೂ ದೊಡ್ಡದು; ಅದನ್ನು ಬೇರೆಯಾಗಿಯೇ ಬರೆಯಬೇಕು. ನನ್ನ ತಕರಾರು ಇರುವುದು ಆ ಬೆಂಕಿಯ ಎದುರಿಗೆ ಬಕೆಟ್ ಕೊಟ್ಟು ನಿಲ್ಲಿಸಿದವರ ಬಗ್ಗೆ.

1945ರ ಮಾರ್ಚ್ 10ರ ನಡುರಾತ್ರಿ 12 ಗಂಟೆ 8 ನಿಮಿಷಕ್ಕೆ ಮೊದಲ ಬಾಂಬುಗಳು ಬಿದ್ದವು. ದಾಳಿಯ ಸೈರನ್ ಕೂಗಿದ್ದು 12 ಗಂಟೆ 15 ನಿಮಿಷಕ್ಕೆ. ಬಂದ ಬಿ-29 ವಿಮಾನಗಳು 279. ಅಂಟಿಕೊಂಡು ಉರಿಯುವ ಪೆಟ್ರೋಲ್ ಜಿಗುಟು ಒದ್ದೆ ಚಾಪೆಯ ಪಾಠವನ್ನು ಓದಿರಲಿಲ್ಲ. ಬಿರುಗಾಳಿ ಬೇರೆ. ಕಲಿತದ್ದನ್ನು ನಿಷ್ಠೆಯಿಂದ ಮಾಡಿದವರು ಮೊದಲು ಹೋದರು. ಕಾನೂನು ಮುರಿದು ಓಡಿದವರಲ್ಲಿ ಕೆಲವರು ಉಳಿದರು. ಕೊತೊತೊಯಿ ಸೇತುವೆಯ ಮೇಲೆ ಎರಡೂ ದಡಗಳಿಂದ ಓಡಿಬಂದವರು ಎದುರುಬದುರಾಗಿ ಸಿಕ್ಕಿಕೊಂಡರು. ಬೆಳಗಾಗುವಷ್ಟರಲ್ಲಿ ಸುಮಾರು 1 ಲಕ್ಷ ಜನ ಸತ್ತಿದ್ದರು, 10 ಲಕ್ಷ ಜನರಿಗೆ ಮನೆ ಇರಲಿಲ್ಲ.

ಆ ಮಧ್ಯಾಹ್ನ ಸೇನೆಯ ಪ್ರಧಾನ ಕಚೇರಿ ಪ್ರಕಟಣೆ ಹೊರಡಿಸಿತು. ವಿಮಾನಗಳು ಸುಮಾರು 130 ಎಂದಿತು. ನಗರದ ಅಲ್ಲಲ್ಲಿ ಬೆಂಕಿ ಕಾಣಿಸಿಕೊಂಡಿದ್ದು, ಅರಮನೆಯ ಕುದುರೆಲಾಯ ಇಲಾಖೆಯ ಬೆಂಕಿ 2 ಗಂಟೆ 35 ನಿಮಿಷಕ್ಕೆ, ಇತರೆ ಬೆಂಕಿ 8 ಗಂಟೆಯ ಸುಮಾರಿಗೆ ಆರಿತು ಎಂದು ತಿಳಿಸಿತು. ಲಾಯದ್ದು ನಿಮಿಷದ ಲೆಕ್ಕ. ಲಕ್ಷ ಜನರದ್ದು ‘ಇತರೆ’, ಅದೂ ‘ಸುಮಾರಿಗೆ’. ಕಚೇರಿಗಳಲ್ಲಿ ನಮೂನೆ ತುಂಬಿಸಿ ಬೇಸತ್ತವರಿಗೆಲ್ಲ ‘ಇತರೆ’ ಎಂಬ ಕಲಮಿನ ಪರಿಚಯ ಇದೆ. ಅದರೊಳಗೆ ಇಡೀ ರಾಜಧಾನಿ ಹಿಡಿಸಿದ ಉದಾಹರಣೆ ಇದೊಂದೇ ಇರಬೇಕು.

ಇದರಿಂದ ಆಡಳಿತ ಪಾಠ ಕಲಿಯಲಿಲ್ಲ ಎನ್ನುವಂತಿಲ್ಲ. ಉತ್ತರದ ಆವೊಮೊರಿ ನಗರದಲ್ಲಿ ಇನ್ನಷ್ಟು ಬಿಗಿಯಾಯಿತು. ಆ ಜುಲೈ ತಿಂಗಳಲ್ಲಿ ದಾಳಿಗೆ ಹೆದರಿ ಜನ ಗುಡ್ಡ, ಹಳ್ಳಿಗಳಿಗೆ ಹೋಗಿದ್ದರು. ಬೆಂಕಿ ಆರಿಸಲು ಯಾರೂ ಇಲ್ಲವಾಯಿತಲ್ಲ! ಜುಲೈ 28ರೊಳಗೆ ಮರಳಿ ಬಾರದಿದ್ದರೆ ಪಡಿತರ ನಿಲ್ಲಿಸುತ್ತೇವೆ ಎಂದರು ಅಧಿಕಾರಿಗಳು. ಜನ ಅಕ್ಕಿಗಾಗಿ ಮರಳಿದರು. ಬಾಂಬರ್‌ಗಳು ಬಂದದ್ದು 28ರ ರಾತ್ರಿ. ಸತ್ತವರು ಸಾವಿರಕ್ಕೂ ಹೆಚ್ಚು. ಸರ್ಕಾರಿ ಗಡುವನ್ನು ಎರಡೂ ಪಕ್ಷಗಳು ಇಷ್ಟು ಚೊಕ್ಕವಾಗಿ ಪಾಲಿಸಿದ್ದು ಕಡಿಮೆ.

ಈಗಿನ ಜಪಾನಿನಲ್ಲಿ ಅಗ್ನಿಶಾಮಕ ಇಲಾಖೆ ಬೇರೆಯದೇ ಪಾಠ ಹೇಳುತ್ತದೆ. ಜ್ವಾಲೆ ಕೋಣೆಯ ಒಳಛಾವಣಿಯನ್ನು ಮುಟ್ಟಿತೋ, ಆರಿಸುವ ಸಾಹಸ ಬಿಟ್ಟು ಹೊರಗೆ ಹೋಗಿ ಎನ್ನುತ್ತದೆ. ಶಾಲೆಯ ಮಕ್ಕಳಿಗೆ ತಳ್ಳಬೇಡಿ, ಓಡಬೇಡಿ, ಮಾತಾಡಬೇಡಿ, ಹಿಂದಿರುಗಬೇಡಿ ಎಂದು ಕಲಿಸುತ್ತಾರೆ. ಓಡಬೇಡಿ ಎಂಬುದು ಇದರಲ್ಲೂ ಇದೆಯಾದರೂ, ಮಕ್ಕಳ ಮುಖ ಬಾಗಿಲ ಕಡೆಗಿರುತ್ತದೆ. ಎಷ್ಟೋ ಶಾಲೆಗಳಲ್ಲಿ ಅದೇ ದಪ್ಪ ಟೊಪ್ಪಿಗೆ ಇಂದಿಗೂ ಮಕ್ಕಳ ಕುರ್ಚಿಯ ಮೇಲೆ ಮೆತ್ತೆಯಾಗಿ ಕುಳಿತಿದೆ. ಬಟ್ಟೆಯನ್ನು ಮಾತ್ರ ಬೇಗ ಬೆಂಕಿ ಹಿಡಿಯದಂಥದ್ದಕ್ಕೆ ಬದಲಿಸಿದ್ದಾರೆ.

ಹಳೆಯ ಲೆಕ್ಕ ಚುಕ್ತಾ ಆಗಿಲ್ಲ. ಮಾಜಿ ಸೈನಿಕರ ಪಿಂಚಣಿ 1953ರಲ್ಲಿ ಮತ್ತೆ ಆರಂಭವಾಯಿತು. ದಾಳಿಯಲ್ಲಿ ಸುಟ್ಟು ಉಳಿದ ಸಾಮಾನ್ಯ ಜನರಿಗಾಗಿ ಪಾರ್ಲಿಮೆಂಟಿನಲ್ಲಿ ಹಲವು ಬಾರಿ ಮಸೂದೆ ಮಂಡನೆಯಾಯಿತು, ಹಲವು ಬಾರಿ ಬಿದ್ದುಹೋಯಿತು. ನಗೊಯಾ ದಾಳಿಯಲ್ಲಿ ಗಾಯಗೊಂಡ ಮಹಿಳೆಯರು ಸುಪ್ರೀಂ ಕೋರ್ಟಿನವರೆಗೆ ಹೋದರು. 1987ರಲ್ಲಿ ತೀರ್ಪು ಬಂತು: ಯುದ್ಧದ ನಷ್ಟವನ್ನು ಪ್ರಜೆಗಳೆಲ್ಲರೂ ಸಮಾನವಾಗಿ ಸಹಿಸಿಕೊಳ್ಳಬೇಕು. ಕೈಪಿಡಿಯಲ್ಲಿ ಇವರೂ ಯೋಧರಾಗಿದ್ದರಲ್ಲ ಎಂದರೆ ಸರ್ಕಾರದ ಬಳಿ ಉತ್ತರ ಸಿದ್ಧವಿದೆ. ಸೈನಿಕರಿಗೂ ಸರ್ಕಾರಕ್ಕೂ ನೌಕರಿಯ ಸಂಬಂಧವಿತ್ತು, ಇವರಿಗೆ ಅಂಥ ಸಂಬಂಧವೇನೂ ಇರಲಿಲ್ಲ. ಒಪ್ಪಲೇಬೇಕು. ಇವರಿಗೆ ಸಂಬಳ ಗೊತ್ತುಮಾಡಿರಲಿಲ್ಲ, ದಂಡ ಮಾತ್ರ ಗೊತ್ತುಮಾಡಿದ್ದರು.