ಒಂದೇ ಹಡಗು, ಎರಡು ಪಂಕ್ತಿ

ನಮ್ಮ ಭಾವ ಹಡಗಿನ ಪ್ರವಾಸ, ಅದೇ ಕ್ರೂಸ್, ಮುಗಿಸ್ಕೊಂಡು ಬಂದು ಹದಿನೈದು ದಿನ ಆಯ್ತು, ಇನ್ನೂ ನೆಲಕ್ಕೆ ಇಳಿದಿಲ್ಲ. ಕುವೆಂಪುನಗರದ ಪಾರ್ಕಲ್ಲಿ ವಾಕಿಂಗ್ ಬಂದೋರ್ನೆಲ್ಲ ನಿಲ್ಲಿಸ್ಕೊಂಡು "ಬ್ಯಾಕ್ ಟು ಬ್ಯಾಕ್ ಗೊತ್ತೇನ್ರೀ?" ಅಂತ ಕೇಳ್ತಾರೆ. ಬೆನ್ನುನೋವಿನ ವಿಷ್ಯ ಇರ್ಬೇಕು ಅಂದ್ಕೊಂಡು ರಿಟೈರ್ಡ್ ಮೇಷ್ಟ್ರೊಬ್ರು ನಾಟಿ ವೈದ್ಯರ ನಂಬರ್ ಕೊಟ್ರಂತೆ. ಭಾವ ಸೇವ್ ಮಾಡ್ಕೊಂಡಿದ್ದಾರೆ. ಎರಡು ಸಲ ಸೂಟ್‌ಕೇಸ್ ಎತ್ತಿದ್ದಕ್ಕೆ ಅದೂ ಬೇಕಾಗಿದೆ.

ಸಿಂಗಾಪುರದಿಂದ ಮೂರು ರಾತ್ರಿ, ನಾಲ್ಕು ರಾತ್ರಿಯ ಕ್ರೂಸ್‌ಗಳು ಹೊರಡ್ತವಲ್ಲ, ಪೆನಾಂಗು ಫುಕೆಟ್ಟು ಅಂತ ತೋರಿಸಿ ವಾಪಸ್ ತಂದು ಬಿಡ್ತವಲ್ಲ, ಅದರಲ್ಲಿ ಮೂರರದ್ದೊಂದು ನಾಲ್ಕರದ್ದೊಂದು ಸೇರಿಸಿ ಬುಕ್ ಮಾಡಿದ್ರು, ಅದೇ ಹಡಗು. ಬ್ಯಾಕ್ ಟು ಬ್ಯಾಕ್ ಅನ್ನೋದು ಇದಕ್ಕೇ. ಏಳು ರಾತ್ರಿಯ ಒಂದೇ ಪ್ರವಾಸ ತಗೋಬಹುದಿತ್ತಲ್ಲ ಭಾವ ಅಂದೆ. ನಕ್ಕರು. ಹೊಸದಾಗಿ ಷೇರು ವ್ಯವಹಾರ ಕಲಿತೋರು ಎಫ್‌ಡಿ ಇಟ್ಟೋರನ್ನ ನೋಡಿ ನಗ್ತಾರಲ್ಲ, ಆ ನಗು. "ಎಷ್ಟು ಉಳೀತು ಗೊತ್ತೇನಯ್ಯ?" ಅಂದ್ರು. ಎಷ್ಟು ಅಂದೆ. "ತುಂಬ" ಅಂದ್ರು. ಅಡುಗೆಮನೆಯಿಂದ ಅಕ್ಕ ಕೆಮ್ಮಿದಳು.

ಉಳಿತಾಯ ಸುಳ್ಳು ಅಂತ ನಾನು ಹೇಳಲ್ಲ, ಕೆಲವು ಸಲ ಎರಡು ತುಂಡು ಸೇರಿಸಿದ್ರೆ ಉದ್ದದ ಪ್ರವಾಸಕ್ಕಿಂತ ಅಗ್ಗ ಬೀಳುತ್ತೆ, ಕೆಲವು ಸಲ ದುಬಾರಿ. ಆದ್ರೆ ಕಂಪನಿಯವರು ತುಂಡು ಮಾಡಿ ಮಾರೋದು ನಿಮ್ಮ ಜೇಬಿನ ಮೇಲೆ ಕನಿಕರ ಹುಟ್ಟಿ ಅಲ್ಲ, ಪಾನೀಯದ ಪ್ಯಾಕೇಜು ವೈಫೈ ಪ್ಯಾಕೇಜು ಎಲ್ಲ ಮೂರನೇ ರಾತ್ರಿಗೆ ಮುಗೀತು, ಎರಡನೇ ಟಿಕೆಟ್ಟಿಗೆ ಹೊಸದಾಗಿ ತಗೋಬೇಕು. ಮತ್ತೆ ಮತ್ತೆ ಬರೋ ಗಿರಾಕಿಗೆ ಕಂಪನಿ ಕೊಡೋ ಪಾಯಿಂಟ್ಸ್ ಬರುತ್ತೆ ಅಂತ ಭಾವ ಬೇರೆ ಹೇಳಿದ್ರು. ರಾತ್ರಿ ಲೆಕ್ಕದಲ್ಲಿ ಪಾಯಿಂಟ್ ಕೊಡೋ ಕಡೆ ಮೂರು ಪ್ಲಸ್ ನಾಲ್ಕು ಅಂದ್ರೂ ಏಳೇ, ಬರೀ ಏಳು ಅಂದ್ರೂ ಏಳೇ. ಇದನ್ನ ಭಾವನಿಗೆ ಹೇಳೋ ಧೈರ್ಯ ನನಗಿಲ್ಲ, ಬ್ಯಾಂಕಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದ ಮನುಷ್ಯ.

ಮಜಾ ಇರೋದು ನಾಲ್ಕನೇ ದಿನ ಬೆಳಿಗ್ಗೆ. ಹಡಗು ಸಿಂಗಾಪುರಕ್ಕೆ ವಾಪಸ್ ಬಂತು, ಮಿಕ್ಕೋರೆಲ್ಲ ಇಳಿದು ಮನೆಗೆ ಹೋದ್ರು. ಇವರಿಗೆ ಎರಡನೇ ಟಿಕೆಟ್ಟಲ್ಲಿ ಬೇರೆ ರೂಮು ಬಂದಿತ್ತು, ಹಂಗಾಗಿ ಹಿಂದಿನ ರಾತ್ರಿನೇ ಎಲ್ಲ ಕಟ್ಟಿದ್ದಾಯ್ತು, ಬಾತ್‌ರೂಮಲ್ಲಿ ಒಣಗಾಕಿದ್ದ ಭಾವನ ಬನಿಯನ್ನು, ಹೇಗೋ ದಾಟಿಸ್ಕೊಂಡು ಹೋಗಿದ್ದ ಚಟ್ನಿಪುಡಿ ಡಬ್ಬಿ, ಎಲ್ಲ. ಬೆಳಿಗ್ಗೆ ಇವರ ಥರದವರನ್ನೆಲ್ಲ ಒಂದು ಹಾಲಲ್ಲಿ ಕೂರಿಸಿ, ಆಮೇಲೆ ಸಾಲಾಗಿ ಇಳಿಸಿ, ಇಮಿಗ್ರೇಷನ್ ಮುಂದೆ ನಿಲ್ಲಿಸಿದ್ರಂತೆ. ಸಿಂಗಾಪುರದ ಅರೈವಲ್ ಕಾರ್ಡನ್ನ ಫೋನಲ್ಲಿ ಮತ್ತೆ ತುಂಬಬೇಕಿತ್ತು. ಎಲ್ಲಿಂದ ಬಂದ್ರಿ, ಹಡಗಿಂದ. ಎಲ್ಲಿಗೆ ಹೋಗ್ತೀರಿ, ಹಡಗಿಗೆ. ಯಾವ ಹಡಗು? ಅಕ್ಕ ಹಿಂದೆ ತಿರುಗಿ ಕಿಟಕಿಯಾಚೆ ಬೆರಳು ತೋರಿಸಿದಳಂತೆ, ಅಗೋ ಅದೇ. ಇಮಿಗ್ರೇಷನ್ ಮುಗೀತು, ಹಡಗಿನ ಹೊಸ ಕಾರ್ಡ್ ಕೊಟ್ರು, ಮತ್ತೆ ಹತ್ತಿದ್ರು. ಬಾಗಿಲಲ್ಲಿ ನಿಂತಿದ್ದ ಹುಡುಗಿ "ಸ್ವಾಗತ, ಮೊದಲನೇ ಸಲವಾ?" ಅಂತ ಕೇಳಿದಳಂತೆ. ಬೆಳಿಗ್ಗೆ ಅವಳೇ ಟಾಟಾ ಮಾಡಿದ್ದು.

ಆಮೇಲೆ ಮತ್ತೆ ಸುರಕ್ಷತಾ ಡ್ರಿಲ್ಲು. ಇದನ್ನ ಮಾತ್ರ ನಾನು ಆಡ್ಕೊಳ್ಳಲ್ಲ. 2012ರ ಜನವರಿಯಲ್ಲಿ ಇಟಲಿ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಹಡಗು ಬಂಡೆಗೆ ಬಡಿದು 32 ಜನ ಸತ್ರಲ್ಲ, ಆವತ್ತು ಸಂಜೆ ಹತ್ತಿದ ನೂರಾರು ಜನಕ್ಕೆ ಡ್ರಿಲ್ಲೇ ಆಗಿರಲಿಲ್ಲ, 24 ಗಂಟೆ ಒಳಗೆ ಮಾಡಿದ್ರೆ ಸಾಕು ಅಂತಿತ್ತು ನಿಯಮ. ಆ ಸಾವುಗಳಾದ ಮೇಲೇನೇ ಹೊರಡೋ ಮುಂಚೆ ಇಲ್ಲಾ ಹೊರಟ ತಕ್ಷಣ ಮಾಡ್ಲೇಬೇಕು ಅಂತಾಯ್ತು. ಎರಡು ಸಲ ಏನು, ಹತ್ತು ಸಲ ಮಾಡಿಸ್ಲಿ. ಆದ್ರೆ ಜಾದೂಗಾರ? ಮೂರು ದಿನದ ಹಿಂದೆ ಎಲ್ಲಿಂದ ಪಾರಿವಾಳ ತೆಗೆದಿದ್ನೋ ಅಲ್ಲಿಂದಲೇ ಅದೇ ಪಾರಿವಾಳ ತೆಗೆದನಂತೆ. ಭಾವ ಪಕ್ಕದವರಿಗೆಲ್ಲ ಮುಂಚೆನೇ ಹೇಳಿಬಿಟ್ರು, "ಈಗ ಎಡಗೈ ನೋಡ್ತಿರಿ." ಊಟದ ಪಟ್ಟಿನೂ ಮೊದಲನೇ ದಿನದ್ದೇ ಮೊದಲಿಂದ.

ಈ ಕಥೆನೆಲ್ಲ ಭಾವ ಪೂರ್ತಿ ಹೇಳಿದ್ದು ಮದ್ದೂರು ಕಡೆ ನಮ್ಮ ದೊಡ್ಡಪ್ಪನ ಜಗುಲಿ ಮೇಲೆ. ದೊಡ್ಡಪ್ಪ ಎಲೆಅಡಿಕೆ ಜಗೀತಾ ಕೊನೇವರೆಗೂ ಕೇಳಿದ್ರು.

"ಅಂಗಾರೆ ಅಳಿಯಂದ್ರೇ, ಹಡಗು ಎಲ್ಡೋ ಒಂದೋ?"

"ಒಂದೇ ಮಾವ."

"ಇಳಿಯೋದು ಹತ್ತೋದು ಎಲ್ಡು ಸಲ."

"ಹೌದು ಮಾವ, ಅದೇ ಬ್ಯಾಕ್ ಟು ಬ್ಯಾಕ್."

"ಗೊತ್ತಾಯ್ತು ಬುಡಿ. ಬೀಗರೂಟದಲ್ಲಿ ಮೊದಲ್ನೇ ಪಂಕ್ತೀಲಿ ಉಂಡು, ಎದ್ದು ಕೈ ತೊಳ್ಕಂಡು, ಎಲೆ ಬದಲಾಯ್ಸಿ ಎಲ್ಡನೇ ಪಂಕ್ತಿಗೂ ಕೂತ್ಕಂಡಂಗೆ."

ನಾನು ನಗೋಕೆ ಆಗ್ದೆ ಎದ್ದು ಹಿತ್ತಲಿಗೆ ಹೋದೆ. ಯಾಕಂದ್ರೆ ಭಾವನಿಗೆ ಆ ಇತಿಹಾಸನೂ ಇದೆ. ಮಂಡ್ಯ ಕಡೆ ಬೀಗರೂಟ ಉಂಡೋರಿಗೆ ಗೊತ್ತು, ಮೊದಲನೇ ಪಂಕ್ತಿಯವರು ಇನ್ನೂ ಮುದ್ದೆ ಮುರೀತಿರುವಾಗ್ಲೇ ಚೇರ್ ಹಿಂದೆ ಒಬ್ರು ಬಂದು ನಿಂತ್ಕೊಂಡಿರ್ತಾರೆ, ಅವರ ಉಸಿರು ನಮ್ಮ ಕತ್ತಿಗೆ ತಾಗ್ತಿರುತ್ತೆ, ಕರ್ಚೀಫ್ ಹಾಕಿ ಪಕ್ಕದ ಚೇರನ್ನ ಹೆಂಡ್ತಿಗೆ ರಿಸರ್ವ್ ಮಾಡಿರ್ತಾರೆ, ಅನ್ನಕ್ಕೆ ಬರೋ ಹೊತ್ತಿಗೆ "ಆಯ್ತಾ ಸಾ?" ಅಂತ ಬೇರೆ ಕೇಳ್ತಾರೆ. ಇಷ್ಟೆಲ್ಲ ಮಾಡಿ ಎರಡನೇ ಪಂಕ್ತೀಲಿ ಕೂತೋರಿಗೆ ಸಿಗೋದೇನು? ಪೀಸ್ ಬಕೆಟ್ ತಳದಲ್ಲಿ ಸೌಟು ಸದ್ದು ಮಾಡ್ತಿರುತ್ತೆ. ಎರಡು ಪಂಕ್ತೀಲೂ ಕೂತ ಏಕೈಕ ವ್ಯಕ್ತಿ ನಮ್ಮ ಭಾವ, ಹುಡುಗನ ಕಡೆಯವರಾಗಿ ಒಂದು ಸಲ, ಹುಡುಗಿ ಕಡೆಯವರಾಗಿ ಒಂದು ಸಲ. ಅವರ ಕ್ರೂಸ್ ಜೀವನ ಅಲ್ಲೇ ಶುರುವಾಗಿದ್ದು ಅನ್ಸುತ್ತೆ.

ಹಂಗಂತ ಉದ್ದದ ಪ್ರವಾಸದವರು ಬುದ್ಧಿವಂತರು ಅಂತಲ್ಲ. 2023ರ ಡಿಸೆಂಬರಲ್ಲಿ ಮಯಾಮಿಯಿಂದ 274 ರಾತ್ರಿಯ ಕ್ರೂಸ್ ಹೊರಡ್ತಲ್ಲ, ಜಗತ್ತಲ್ಲೇ ಉದ್ದ ಅಂತ ಡಂಗೂರ ಹೊಡೆದ್ರಲ್ಲ, ಅದನ್ನೂ ನಾಲ್ಕು ತುಂಡು ಮಾಡಿ ಬಿಡಿಬಿಡಿಯಾಗಿ ಮಾರ್ತಿದ್ರು. ಅಖಂಡ ಅನ್ನೋದು ಬೋರ್ಡಿಗೆ, ಕೌಂಟರಲ್ಲಿ ಕಾಲು ಕೇಜಿನೂ ಸಿಗುತ್ತೆ. ಅದೇ ವರ್ಷ ನವೆಂಬರ್ 1ಕ್ಕೆ ಇಸ್ತಾಂಬುಲ್ಲಿಂದ ಮೂರು ವರ್ಷದ ಕ್ರೂಸ್ ಹೊರಡ್ಬೇಕಿತ್ತು, ಇರೋ ಮನೆ ಮಾರಿ, ಬಾಡಿಗೆಗೆ ಕೊಟ್ಟು ರೆಡಿಯಾಗಿದ್ದೋರೂ ಇದ್ರು, ಕೊನೆಗೆ ನೋಡಿದ್ರೆ ಕಂಪನಿ ಹತ್ರ ಹಡಗೇ ಇಲ್ಲ, ಅದೇ ತಿಂಗಳು ಕ್ಯಾನ್ಸಲ್. ನಮ್ಮಲ್ಲಿ ಸೈಟ್ ಇಲ್ಲದೆ ಲೇಔಟ್ ಮಾರ್ತಾರಲ್ಲ, ಅದಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ತು ಅಂತ ಖುಷಿಪಟ್ಟೆ. ಗಂಗಾ ವಿಲಾಸ್ ಅನ್ನೋ ನದಿ ಕ್ರೂಸಿನ ವಿಷ್ಯ, ಕಾಶಿಯಿಂದ ಅಸ್ಸಾಮಿನ ದಿಬ್ರುಗಢಕ್ಕೆ 51 ದಿನ, 3,200 ಕಿಲೋಮೀಟರ್ ಅಂತ ದೊಡ್ಡಪ್ಪನಿಗೆ ಹೇಳಿದ್ರೆ ಅವರು ಕೇಳಿದ್ದು ಒಂದೇ, "ಅಲ್ಲೀಗಂಟ ಕಬ್ಗೆ ನೀರ್ ಯಾರ್ಲಾ ಬುಡೋರು?"

ಇನ್ನೊಂದು ವಿಷ್ಯ ಗೊತ್ತಾದಾಗಿಂದ ನನಗೆ ಸಮಾಧಾನ ಇಲ್ಲ. ಅಮೆರಿಕದಲ್ಲಿ 1886ರದ್ದೊಂದು ಕಾನೂನಿದೆ, ಬೇರೆ ದೇಶದ ಬಾವುಟದ ಹಡಗು ಅಲ್ಲಿನ ಒಂದು ಊರಲ್ಲಿ ಜನರನ್ನ ಹತ್ತಿಸ್ಕೊಂಡು ಅಲ್ಲಿನದೇ ಇನ್ನೊಂದು ಊರಲ್ಲಿ ಇಳಿಸೋ ಹಾಗಿಲ್ಲ, ಮಧ್ಯೆ ದೂರದ ವಿದೇಶಿ ಬಂದರು ಮುಟ್ಟಿರಬೇಕು. ಲಾಸ್ ಏಂಜಲೀಸ್‌ನಿಂದ ಕೆನಡಾದ ವ್ಯಾಂಕೂವರ್‌ಗೆ ಒಂದು ಕ್ರೂಸು, ಅದೇ ಹಡಗಲ್ಲಿ ವ್ಯಾಂಕೂವರ್‌ನಿಂದ ಅಲಾಸ್ಕದ ವಿಟಿಯರ್‌ಗೆ ಇನ್ನೊಂದು, ಬಿಡಿಬಿಡಿಯಾಗಿ ಎರಡೂ ಸರಿ, ಸೇರಿಸಿದ್ರೆ ತಪ್ಪು, ಪಕ್ಕದ ಕೆನಡಾ 'ದೂರದ' ಲೆಕ್ಕಕ್ಕೆ ಬರಲ್ಲ, ದಂಡ ಬೀಳುತ್ತೆ. ನೀನು ಎಷ್ಟು ಟಿಕೆಟ್ಟಾದ್ರೂ ತಗೊ ಮಾರಾಯ, ಹಡಗು ಬದಲಾಗಿಲ್ಲ, ನೀನು ಹೋಗಿದ್ದು ಒಂದೇ ಪ್ರಯಾಣ, ಅನ್ನುತ್ತೆ ಕಾನೂನು. ಎರಡು ಪಂಕ್ತೀಲಿ ಉಂಡ್ರೂ ಹೊಟ್ಟೆ ಒಂದೇ ಅಂತ ಕಂಡುಹಿಡಿದ ಕಾನೂನು!

ನಮ್ಮಲ್ಲಿ ಉಲ್ಟಾ. ಬೆಂಗಳೂರು ಮೈಸೂರು ಹೆದ್ದಾರಿ ಒಂದೇ ರಸ್ತೆ, ಒಂದೇ ಕಾರು, ಕೂತ ನಾನೂ ಒಬ್ಬನೇ. ಆದ್ರೆ ಅದು ನಿಡಘಟ್ಟದವರೆಗೆ ಒಂದು ರಸ್ತೆ, ಅಲ್ಲಿಂದಾಚೆ ಇನ್ನೊಂದು ರಸ್ತೆ ಅಂತೆ, ಕಣಿಮಿಣಿಕೆಯಲ್ಲೊಂದು ಟೋಲು, ಗಣಂಗೂರಲ್ಲೊಂದು ಟೋಲು. ಮೊದಲನೇದು 2023ರ ಮಾರ್ಚಲ್ಲಿ ಕಾರಿಗೆ 135 ಅಂತ ಶುರುವಾಗಿ, ನೋಡ್ತಾ ನೋಡ್ತಾ 165 ಆಯ್ತು, ಎರಡನೇದು ಜುಲೈ 1ಕ್ಕೆ ಬಾಯಿ ತೆರೀತು. 2025ರ ಆಗಸ್ಟಲ್ಲಿ 3,000 ರೂಪಾಯಿಗೆ ಟೋಲಿನ ವಾರ್ಷಿಕ ಪಾಸ್ ಬಂತು, ವರ್ಷಕ್ಕೆ 200 ಟ್ರಿಪ್. ಆಹಾ, 200 ಸಲ ಬೆಂಗಳೂರಿಗೆ ಹೋಗೋನು ಯಾವನು ಅಂದ್ಕೊಂಡೆ. ಒಂದೊಂದು ಪ್ಲಾಜಾ ದಾಟೋದೂ ಒಂದೊಂದು ಟ್ರಿಪ್ಪಂತೆ. ಹೋಗ್ತಾ ಎರಡು, ಬರ್ತಾ ಎರಡು, ಬೆಂಗಳೂರಲ್ಲಿ ಮಗಳ ಮನೇಲಿ ಕಾಫಿ ಕುಡಿದು ಬಂದ್ರೆ ನಾಲ್ಕು ಪ್ರವಾಸ ಮುಗಿಸಿದ ಮಹಾನುಭಾವ ನಾನು. ಭಾವನಿಗಿಂತ ದೊಡ್ಡ ಯಾತ್ರಿಕ. ಅದರಲ್ಲೂ 2022ರ ಆಗಸ್ಟಲ್ಲಿ ರಾಮನಗರದ ಹತ್ರ ಇದೇ ಹೆದ್ದಾರಿ ಕೆರೆಯಾಗಿ ಬಸ್ಸು ಕಾರೆಲ್ಲ ಮುಳುಗಿದ್ವಲ್ಲ, ಆವಾಗ ಕ್ರೂಸ್ ಅಂತಲೇ ಹೆಸರಿಟ್ಟು ಟಿಕೆಟ್ ಹರೀಬಹುದಿತ್ತು, ಯಾರಿಗೂ ಹೊಳೀಲಿಲ್ಲ.

ಪ್ರತಿ ವರ್ಷ ಏಪ್ರಿಲ್ ಬಂದಾಗ ದರ ಪರಿಷ್ಕರಣೆ ಅಂತ ಒಂದು ಸುದ್ದಿ ಬರುತ್ತೆ, ನಾವು ನಾಲ್ಕು ಮೀಮ್ ಮಾಡಿ ಸುಮ್ಮನಾಗ್ತೀವಿ. ನಾನೂ ಈ ಕಾಲಂ ಬರೆದು ಸುಮ್ಮನಾಗ್ತೀನಿ. ದೊಡ್ಡಪ್ಪನಿಗೆ ಅದೂ ಇಲ್ಲ. ಅವರ ಮನೆ ರಸ್ತೆಯ ಈ ಕಡೆ, ಗದ್ದೆ ಆ ಕಡೆ. ಮುಂಚೆ ಬೀಡಿ ಹಚ್ಚಿ ಅದು ಮುಗಿಯೋದ್ರೊಳಗೆ ಗದ್ದೆ ಬದು ಮೇಲೆ ಇರ್ತಿದ್ರು. ಈಗ ಬೇಲಿ. ಮೇನ್ ರೋಡಿಗೆ ಬೈಕು ಟ್ರ್ಯಾಕ್ಟರ್ ಹತ್ತಿಸೋ ಹಾಗಿಲ್ಲ, ಸರಿ, ಜೀವ ಉಳಿಯೋ ವಿಷ್ಯ ಅದು, ಒಪ್ದೆ. ಆದ್ರೆ ಅಂಡರ್‌ಪಾಸ್ ಹುಡುಕ್ಕೊಂಡು ಎಪ್ಪತ್ತೆರಡು ವರ್ಷದ ಮನುಷ್ಯ ಗೊಬ್ಬರದ ಚೀಲ ಇಟ್ಕೊಂಡು ಎಷ್ಟು ದೂರ ಸುತ್ತಬೇಕು? ಬೇಲಿ ಹಾರಿ ದಾಟೋಕೆ ಹೋದ ಅವರ ಪಕ್ಕದ ಮನೆ ಹುಡುಗ ಕಾಲು ಮುರ್ಕೊಂಡು ಮೂರು ತಿಂಗಳು ಮಲಗಿದ್ದ. ಜಮೀನು ಕೊಟ್ಟೋರು ಇವರು. ರಸ್ತೆ ಮಾಡುವಾಗ ಮಧ್ಯೆ ಊರಿದೆ ಅಂತ ಒಬ್ಬನಿಗೂ ಕಾಣಲಿಲ್ವಾ? ಎರಡು ಕಡೆ ದುಡ್ಡು ಎತ್ತೋಕೆ ಜಾಗ ಕಂಡಿತಲ್ಲ, ಅಷ್ಟು ಚೆನ್ನಾಗಿ ಕಣ್ಣು ಕಾಣೋರಿಗೆ ಇದ್ಯಾಕೆ ಕಾಣಲ್ಲ? ಬರೆದೂ ಬರೆದೂ ಸಾಕಾಗಿದೆ ಕಣ್ರೀ.

ಇರ್ಲಿ. ಏರ್‌ಪೋರ್ಟಿಂದ ಅಕ್ಕ ಭಾವನನ್ನ ಕರ್ಕೊಂಡು ಬಂದಿದ್ದು ನಾನೇ. ರಾತ್ರಿ ಹನ್ನೊಂದೂವರೆ. ಡಿಕ್ಕಿ ತುಂಬ ಸೂಟ್‌ಕೇಸು, ಅಕ್ಕನ ತೊಡೆ ಮೇಲೆ ಖಾಲಿ ಚಟ್ನಿಪುಡಿ ಡಬ್ಬಿ, ಭಾವ ಹಿಂದಿನ ಸೀಟಲ್ಲಿ ಬಾಯಿ ಬಿಟ್ಕೊಂಡು ನಿದ್ದೆ. ಗಣಂಗೂರು ಪ್ಲಾಜಾದಲ್ಲಿ ಕಾರು ನಿಧಾನ ಆಯ್ತು, ಮೇಲೆ ಲೈಟು ಬಿತ್ತು, ನನ್ನ ಫೋನು ಮತ್ತೊಂದು ಸಲ ಟಿಂಗ್ ಅಂತು. ಭಾವ ಧಡಕ್ಕನೆ ಎದ್ದು ಪಾಸ್‌ಪೋರ್ಟಿಗೆ ಜೇಬು ತಡಕ್ತಾ ಕೇಳಿದ್ರು, "ಇಳೀಬೇಕಾ?"